ನೀನು ಬರೆಯದ ಮಧ್ಯಾಹ್ನದ ಪೇಪರ್

ಕಾವೇರಿ, ಐದನೇ ತರಗತಿಯಲ್ಲಿ ಆ ಪರೀಕ್ಷೆಯ ದಿನ ನಿನ್ನನ್ನು ಅರ್ಧಕ್ಕೇ ಮನೆಗೆ ಕಳಿಸಿದವಳು ನಾನು, ನಿಮ್ಮ ಪಕ್ಕದ ಮನೆಯವಳು. ಕೈ ಹಿಡಿದು ಎಳೆದುಕೊಂಡು ಹೋದವಳು ನಿನ್ನ ಅಜ್ಜಿ ಗಂಗಮ್ಮ, ನಿಜ — ಆದರೆ ತಡೆಯುವ ಮಾತು ನನ್ನ ಬಾಯಲ್ಲಿತ್ತು. ನುಂಗಿಕೊಂಡೆ.

ಮೊದಲೇ ಹೇಳಿಬಿಡುತ್ತೇನೆ, ನಿನ್ನ ಅಜ್ಜಿಯನ್ನು ಕಂಡರೆ ನನಗೆ ಆಗುವುದಿಲ್ಲ. ಇವತ್ತಿಗೂ. ನನ್ನ ಮೊಮ್ಮಗಳು ಸುಮ ಫೋನಿನಲ್ಲಿ ಟೈಪ್ ಮಾಡಲು ಕಲಿಸಿದಾಗ ನಾನು ಬರೆದ ಮೊದಲ ಮಾತೇ ‘ಗಂಗಮ್ಮ ಕತ್ತೆ’. ಅಳಿಸಲು ಬರದೆ ಸುಮಳನ್ನೇ ಕೂಗಬೇಕಾಯಿತು.

ಅವತ್ತು ರಾಯದುರ್ಗದ ಆ ಶಾಲೆಗೆ ನಾವು ನಾಲ್ವರೂ ಒಂದೇ ಆಟೋದಲ್ಲಿ ಹೋದೆವು. ವಸತಿ ಶಾಲೆಯ ಸೀಟಿಗೆ ಬೆಳಿಗ್ಗೆ ಲೆಕ್ಕದ ಪೇಪರ್, ಮಧ್ಯಾಹ್ನ ಭಾಷೆಯದು. ಗಂಗಮ್ಮ ದಾರಿಯುದ್ದಕ್ಕೂ ಆಟೋದವನ ಕಿವಿ ಕೊರೆದಳು: “ನಮ್ಮ ಕಾವೇರಿ ಸೀಟು ಹೊಡಿತಾಳಪ್ಪ. ಈ ಸುಮ ಅದಾಳಲ್ಲ, ಸುಮ್ನ ಜೊತಿಗೆ ಬಂದಾಳ. ಒಂಬತ್ತರ ಮಗ್ಗಿನೂ ಬರಂಗಿಲ್ಲ.” ಸುಮ ತಲೆ ತಗ್ಗಿಸಿದಳು.

ನೀವು ಒಳಗೆ ಹೋದ ಮೇಲೆ ಗಂಗಮ್ಮ ಬಾಳೆಹಣ್ಣು ತರಲು ಹೋದಳು. ಆಗ ಗೇಟಿನ ಜವಾನ ನನಗೆ ಹೇಳಿದ: “ಪಕ್ಕಪಕ್ಕ ಕುಂತೋರು ಕಾಪಿ ಹೊಡಿಬಾರ್ದು ಅಂತ ಬ್ಯಾರೆ ಬ್ಯಾರೆ ಪೇಪರ್ ಕೊಟ್ಟಾರಮ್ಮ. ಪ್ರಶ್ನಿ ಅವೇ, ಹಿಂದ ಮುಂದ ಇರ್ತಾವ ಅಷ್ಟ.” ಒಳಗೂ ಹೇಳಿದ್ದರೇನೋ — ಹೆದರಿದ ಮಕ್ಕಳ ಕಿವಿಗೆ ಹೋಗಿರಲಿಲ್ಲ.

ಊಟದ ಬಿಡುವಿನಲ್ಲಿ, ನಾಲ್ಕು ಉತ್ತರಗಳಲ್ಲಿ ಎಷ್ಟನೆಯದನ್ನು ಆರಿಸಿದಿರೆಂದು ಹಾಲ್ ಟಿಕೆಟ್ ಹಿಂದೆ ಬರೆದುಕೊಂಡಿದ್ದ ಅಂಕಿಗಳನ್ನು ನೀನೂ ಸುಮಳೂ ತಾಳೆ ನೋಡಿದಿರಿ. ಮೊದಲನೆಯದಕ್ಕೆ ನಿನ್ನದು ಮೂರು, ಅವಳದು ಒಂದು. ಮುಂದಿನದೂ ಬೇರೆ. ಅದರ ಮುಂದಿನದೂ. ಅಷ್ಟರಲ್ಲಿ ಇನ್ನೊಂದು ಹುಡುಗಿ ಬಂದಳು. ಅವಳ ಅಂಕಿಗಳು ಸುಮಳದಕ್ಕೆ ಹೊಂದಿಬಿಟ್ಟವು. ನಿನ್ನ ಮುಖ ಬಿಳಿಚಿಕೊಂಡಿತು.

“ನಂದು ಎಲ್ಲಾ ತಪ್ಪಾಗ್ಯಾವಜ್ಜಿ...”

“ನನ್ನ ಮಾನ ಕಳದ್ಯಲ್ಲೇ!” ಗಂಗಮ್ಮ ನಿನ್ನ ಬೆನ್ನಿಗೆ ಗುದ್ದಿದಳು.

ಪೇಪರ್‌ಗಳೇ ಬೇರೆ ಬೇರೆ ಎಂದು ಆಗಲೂ ಹೇಳಬಹುದಿತ್ತು. ಒಂದೇ ಮಾತು. ನಾನು ಆಡಿದ ಮಾತೇ ಬೇರೆ — “ಇನ್ನ ಮಧ್ಯಾಹ್ನದ್ದು ಬರದು ಏನ್ ಮಾಡ್ತಾಳ ಗಂಗಮ್ಮ? ಕರ್ಕಂಡು ನಡಿ, ಬಿಸಿಲು ಏರ್ತೈತಿ.” ನೀನು ಗೇಟು ದಾಟುವವರೆಗೂ ತಿರುಗಿ ತಿರುಗಿ ನೋಡಿದೆ. ನನಗೆ ಒಳಗೊಳಗೇ ಖುಷಿ — ಹೌದು, ಖುಷಿಯೇ.

ಸುಮಳಿಗೆ ಸೀಟು ಸಿಕ್ಕಿತು. ಎರಡನೇ ಪೇಪರ್ ಇಲ್ಲದ್ದಕ್ಕೆ ನಿನ್ನ ಹೆಸರೇ ಬರಲಿಲ್ಲ. ನಿನ್ನ ಲೆಕ್ಕಗಳು ಎಷ್ಟು ಸರಿಯಿದ್ದವೋ — ಯಾರಿಗೂ ಗೊತ್ತಿಲ್ಲ. ಗೊತ್ತಾಗದ ಹಾಗೆ ಮಾಡಿದವಳು ನಾನು.

ನಿನ್ನೆ ನೀನು ಮಾಳಿಗೆ ಮೇಲೆ ನಿನ್ನ ಅವ್ವನಿಗೆ ಹೇಳುವುದು ಕೇಳಿಸಿತು: “ಹತ್ತನೇದು ಆದಮ್ಯಾಲ ಇಂಟರ್‌ನಾಗ ಲೆಕ್ಕ ಇರೋ ಗ್ರೂಪ್ ಬ್ಯಾಡವ್ವ. ನಂಗ ಲೆಕ್ಕ ತಲಿಗೆ ಹತ್ತಂಗಿಲ್ಲ ಅಂತ ಐದನೇದಾಗೇ ಗೊತ್ತಾಗೈತಲ್ಲ.”

ಏನೂ ಗೊತ್ತಾಗಿರಲಿಲ್ಲ, ಕಾವೇರಿ. ಯಾವ ಗ್ರೂಪ್ ಬೇಕೆಂದು ಇದನ್ನು ಓದಿದ ಮೇಲೆ ಹೇಳು.

ಕ್ಷಮಿಸು ಎಂದು ಕೇಳುವುದಿಲ್ಲ. ಗಂಗಮ್ಮನಿಗೆ ಓದಲು ಬಾರದು. ಬೆಳಿಗ್ಗೆ ನಾನೇ ಬಂದು ಅವಳೆದುರು ಓದುತ್ತೇನೆ. ಬಾಗಿಲು ತೆಗೆಯದಿದ್ದರೆ ಹೊರಗೇ ನಿಂತು ಗಟ್ಟಿಯಾಗಿ ಓದುತ್ತೇನೆ — ಬೀದಿಯೆಲ್ಲ ಕೇಳಲಿ.