ಲಗಮವ್ವನ ಹೆಬ್ಬೆರಳು

ಆ ನಾಣ್ಯ ಬೇರೆಯದಾಗಿತ್ತು. ಲಗಮವ್ವ ಹೇಳಿದ್ದೇ ಖರೆ, ನಾನು ಹೇಳಿದ್ದು ಸುಳ್ಳು. ನಾಗನೂರಿನ ಚಾವಡಿಯಲ್ಲಿ, ಊರ ಹಿರಿಯರೆಲ್ಲ ಕೂತಿರುವಾಗ, ಅವಳ ಮನೆದೇವರನ್ನು ನನ್ನ ಕೋಟಿನ ಒಳಜೇಬಿನಲ್ಲಿ ಇಟ್ಟುಕೊಂಡು, ಖೊಟ್ಟಿ ಬಿಲ್ಲೆಯನ್ನು ಎಲ್ಲರ ಮುಂದೆ ಎತ್ತಿ ಹಿಡಿದು ‘ಅದ ಐತಿ’ ಎಂದವನು ನಾನು. ಎರಡೇ ಶಬ್ದ. ಇಪ್ಪತ್ತಮೂರು ವರ್ಷವಾಯಿತು — ಅವನ್ನು ನುಂಗಲೂ ಆಗಿಲ್ಲ, ಉಗುಳಲೂ ಆಗಿಲ್ಲ.

ಗೋಕಾಕ, ಹುಕ್ಕೇರಿ ಕಡೆಯ ಹಳೆಯ ಮಂದಿ ನನ್ನನ್ನು ‘ದೇವಿ ಡಾಕ್ಟರ’ ಎಂದೇ ಬಲ್ಲರು. ಡಾಕ್ಟರೂ ಅಲ್ಲ, ಗೀಕ್ಟರೂ ಅಲ್ಲ — ಸಿಡುಬು ಬರದಂತೆ ಮಕ್ಕಳ ತೋಳು ಗೀರಿ ದೇವಿ ಹಾಕುವ ಸರಕಾರಿ ನೌಕರ. ಸೈಕಲ್ಲಿಗೆ ಪೆಟ್ಟಿಗೆ ಕಟ್ಟಿಕೊಂಡು ಊರೂರು ಸುತ್ತುತ್ತಿದ್ದೆ. ಬೇರೆ ಗಂಡಸಿಗೆ ಹೊಸ್ತಿಲು ದಾಟಗೊಡದ ಮನೆಗಳಲ್ಲಿ ನನಗೆ ಪಡಸಾಲೆಯವರೆಗೆ, ಕೆಲವು ಕಡೆ ದೇವರ ಜಗಲಿಯವರೆಗೂ ದಾರಿ ಇತ್ತು. ನಮ್ಮ ಕೂಸನ್ನು ಉಳಿಸುವವನೆಂದು ನಂಬಿ ಒಳಗೆ ಕರೆಯುತ್ತಿದ್ದರು. ಬೇಲಿಯೇ ಎದ್ದು ಹೊಲ ಮೇಯುತ್ತದೆಂದು ಆ ಬಡಪಾಯಿಗಳಿಗೇನು ಗೊತ್ತು!

ನನ್ನ ಹುಚ್ಚು ಹಳೆಯ ನಾಣ್ಯಗಳದು, ಅದರಲ್ಲೂ ಗ್ರೀಕರ ನಾಣ್ಯಗಳದು. ಅಲೆಗ್ಝಾಂಡರ ಸತ್ತಮೇಲೆ ಅವನು ಗೆದ್ದ ನೆಲವನ್ನು ಅವನ ಸರದಾರರು ಹಂಚಿಕೊಂಡರಲ್ಲ, ಆಮೇಲೆ ಕಾಬೂಲಿನ ಆಚೆ ಈಚೆ ಆಳಿದ ಗ್ರೀಕ ಅರಸರು ಬೆಳ್ಳಿಯ ಮೇಲೆ ತಮ್ಮ ತಮ್ಮ ಮುಖ ಒತ್ತಿಸಿದರಲ್ಲ — ಆ ನಾಣ್ಯಗಳು. ವರ್ಷಕ್ಕೊಮ್ಮೆ ಗೋಕಾಕಕ್ಕೆ ಹಿಂಗು ಮಾರಲು ಬರುತ್ತಿದ್ದ ಪಠಾಣನೊಬ್ಬ ಅವನ್ನು ತನ್ನ ಸೀಮೆಯಿಂದ ತಂದುಕೊಡುತ್ತಿದ್ದ. ಪುಣೆಯ ಗೆಳೆಯ ಕಳಿಸಿದ ಒಂದು ಪುಸ್ತಕ ಮುಂದಿಟ್ಟುಕೊಂಡು ಗ್ರೀಕ ಅಕ್ಷರ ಕಲಿತೆ. ಅಚ್ಚು ಒತ್ತಿದ್ದು ಹೇಗಿರುತ್ತದೆ, ಎರಕ ಹೊಯ್ದ ಖೊಟ್ಟಿ ಹೇಗಿರುತ್ತದೆ ಎಂಬುದನ್ನೂ ಕಲಿತೆ. ತಗಡಿನ ಡಬ್ಬಿಯಲ್ಲಿ, ಅರಳೆಯ ಮೇಲೆ, ಆರು ನಾಣ್ಯ ಕೂಡಿದ್ದವು. ಮಿನಾಂಡರ ಮಾತ್ರ ಇರಲಿಲ್ಲ. ಬೌದ್ಧರು ಮಿಲಿಂದ ಎಂದು ಕರೆದ ಆ ಅರಸ ಒಬ್ಬ ಸಿಕ್ಕರೆ ಸಾಕು ಎಂದು ಹೆಂಡತಿಯ ಮುಂದೆ ದಿನಾ ಹಲುಬುತ್ತಿದ್ದೆ. ‘ಆ ಮುದುಕನ್ನ ಕಟ್ಟಿಕೊಂಡು ಏನ್ ಮಾಡ್ತೀರೋ’ ಎಂದು ಅವಳು ನಗುತ್ತಿದ್ದಳು.

ಲಗಮವ್ವ ನಾಗನೂರಿನ ಕುರುಬರ ಮನೆಯ ಸೊಸೆ. ಆಗ ಇಪ್ಪತ್ತರ ಆಸುಪಾಸು; ಗಂಡ ಕುರಿ ಹಿಂಡಿನ ಹಿಂದೆ ತಿಂಗಳುಗಟ್ಟಲೆ ಊರ ಹೊರಗೆ. ಒಂದು ವರ್ಷ ಮೂಡಲಗಿಯ ಸುತ್ತ ಸಿಡುಬು ಎದ್ದಾಗ, ಕೂಸಿನ ಮೈಗೆ ಕಬ್ಬಿಣ ತಾಕಿಸಬಾರದೆಂದು ಅವಳ ಅತ್ತೆ ಬಾಗಿಲಿಗೆ ಅಡ್ಡ ನಿಂತಿದ್ದಳು. ಲಗಮವ್ವ ಅತ್ತೆಯನ್ನು ಸರಿಸಿ, ಮಗಳು ಕೆಂಚವ್ವನ ಪುಟ್ಟ ತೋಳನ್ನು ತಾನೇ ಗಟ್ಟಿಯಾಗಿ ಹಿಡಿದಳು. ಆ ಓಣಿಯಲ್ಲಿ ಸಿಡುಬು ಬಹಳ ಮನೆ ಹೊಕ್ಕಿತು, ಕೆಂಚವ್ವನನ್ನು ಮುಟ್ಟಲಿಲ್ಲ. ಮರುವರ್ಷ ನಾನು ಹೋದಾಗ ಲಗಮವ್ವ ನನ್ನನ್ನು ಜಗಲಿಯ ಮುಂದೆ ಕೂರಿಸಿದಳು.

“ಕೂಸನ್ನ ಉಳಿಸಿದವ್ರು ಇಬ್ರರಿ. ಒಬ್ರು ನೀವು, ಇನ್ನೊಬ್ಬಾಂವ ನಮ್ಮ ಮುತ್ತ್ಯಾ. ನೋಡ್ರಿ ಇಲ್ಲಿ,” ಎಂದು ಭಂಡಾರದ ಅರಿಶಿನಪುಡಿಯಲ್ಲಿ ಮುಳುಗಿದ್ದ ಒಂದು ಬಿಲ್ಲೆಯನ್ನು ಅಂಗೈಯಲ್ಲಿ ಹಿಡಿದು ತಂದಳು. ಅವಳ ಮಾವನ ಅಜ್ಜ ಕುರಿ ಕಾಯಲು ಹೋದಾಗ ಮೂಡಲಗಿಯ ಹಳ್ಳದ ದಂಡೆಯಲ್ಲಿ ಒಂದು ಮರಿ ಕಾಲಿನಿಂದ ಕೆದರಿತಂತೆ, ಅಲ್ಲಿ ಸಿಕ್ಕಿತಂತೆ.

ಅರಿಶಿನ ಒರಸಿದೆ. ಮಿನಾಂಡರ! ತೂತಿಲ್ಲ, ಕೊಂಡಿ ಬೆಸೆದಿಲ್ಲ. ತಲೆಗೆ ಬಿಗಿದ ಅರಸುಪಟ್ಟಿ, ಹಿಂದೆ ಇಳಿಬಿದ್ದ ಅದರ ಎರಡು ತುದಿ. ಅವರಿಗೆ ಅದು ಅವರ ಮುತ್ತ್ಯಾನ, ಕುರುಬರ ದೇವರು ಬೀರಪ್ಪನ, ರುಮಾಲು. ಹಿಂಬದಿಗೆ ಗ್ರೀಕರ ದೇವಿ ಸಿಡಿಲು ಎಸೆಯಲು ಕೈ ಎತ್ತಿದ್ದಳು. ಅವರಿಗೆ ಅವಳು ಬೀರಪ್ಪನ ಅಕ್ಕ ಮಾಯವ್ವ, ಭಂಡಾರ ತೂರುತ್ತಿದ್ದಾಳೆ. ದೇವಿಯ ಎಡಗೈ ಮೇಲಿದ್ದದ್ದನ್ನು ನಾನು ಢಾಲು, ಗುರಾಣಿ ಅಂದುಕೊಂಡೆ. ಲಗಮವ್ವ ‘ಕಂಬಳಿ’ ಎಂದಳು. ಮನೆಗೆ ಬಂದು ಪುಸ್ತಕ ತೆಗೆದರೆ, ಅದು ಆಡಿನ ಚರ್ಮ ಎಂದು ಬರೆದಿತ್ತು. ನನಗಿಂತ ಅವಳೇ ಹತ್ತಿರ ಹೋಗಿದ್ದಳು.

“ಸುತ್ತ ಏನೋ ಬರದೈತಿ ನೋಡ್ರಿ. ಸ್ವಾಮಿಗೋಳಿಗೂ ಓದಾಕ ಬರಲಿಲ್ಲ. ನಿಮಗ ಬರತೈತೇನ್ರಿ?” ಎಂದು ಕೇಳಿದಳು. ಅವಳು ನನ್ನನ್ನು ಕೇಳಿದ್ದು ಅದೊಂದೇ. ಅಲ್ಲೇ, ಒಂದೇ ಉಸಿರಿನಲ್ಲಿ ಓದಿ ಹೇಳಬಹುದಿತ್ತು —

“ಇದಕ್ಕ ಪುಸ್ತಕ ನೋಡಬೇಕವ್ವಾ. ಎಂಟು ದಿನ ನನ್ನ ಕೈಯಾಗ ಕೊಡು,” ಎಂದೆ.

ಅವಳು ಒಳಗಿನ ಬಾಗಿಲ ಕಡೆ ತಿರುಗಿ ನೋಡಿದಳು. “ಮುತ್ತ್ಯಾ ಹೊಳಿ ಜಳಕಕ್ಕ ಹ್ವಾದ್ರ ಹೋಗಬೇಕು, ಇಲ್ಲಾಂದ್ರ ಮನಿ ಬಿಡಾಂವ ಅಲ್ಲರಿ. ನಿಮ್ಮ ಕೈ ಅಂತ ಕೊಡಾಕತ್ತೇನಿ. ಬರೂ ಐತವಾರ ತರಬೇಕ ನೋಡ್ರಿ. ನಮ್ಮ ಅತ್ತೀಗಿ ಹೇಳಬ್ಯಾಡ್ರಿ,” ಎಂದು ಸೆರಗಿನ ಮರೆಯಲ್ಲಿ ಕೊಟ್ಟಳು.

ಮೊದಲು ಒಂದು ನಕಲು ಮಾಡಿಸಿ, ಅದನ್ನು ನಾನು ಇಟ್ಟುಕೊಂಡು ಅಸಲನ್ನು ಅವಳಿಗೆ ಕೊಡಬೇಕೆಂದೇ ಇದ್ದೆ ಎಂದು ಬರೆಯಲು ಈಗಲೂ ಕೈ ಹೋಗುತ್ತಿದೆ. ಅದೂ ಸುಳ್ಳು. ಸೈಕಲ್ಲು ನಾಗನೂರಿನ ಅಗಸೆ ದಾಟುವ ಮೊದಲೇ ನಾನು ನಿಶ್ಚಯಿಸಿಬಿಟ್ಟಿದ್ದೆ. ಗೋಕಾಕದ ಒಬ್ಬ ಪತ್ತಾರ ನುಣ್ಣನೆಯ ಮರಳಿನಲ್ಲಿ ಅಚ್ಚು ತೆಗೆದು ಬೆಳ್ಳಿ ಹೊಯ್ದ. ಅಸಲು ಇಪ್ಪತ್ತು ಗುಲಗಂಜಿ ತೂಗುತ್ತಿತ್ತು. ನಕಲನ್ನೂ ಉಜ್ಜಿಸಿ ಅಷ್ಟಕ್ಕೇ ತಂದೆ. ಖೊಟ್ಟಿಯನ್ನು ಹಿಡಿಯಲು ಕಲಿತ ವಿದ್ಯೆಯನ್ನೆಲ್ಲ ಖೊಟ್ಟಿ ಮಾಡಲು ಬಳಸಿದೆ — ಅಂಚಿನ ಬೆಸುಗೆಗೆರೆಯನ್ನು ನಿಂತು ಅರದಿಂದ ತೇಯಿಸಿದೆ, ಗಂಧಕದ ಹೊಗೆ ಕೊಡಿಸಿ ಕಪ್ಪು ಮಾಡಿಸಿದೆ. ‘ಇದು ಯಾರ ಮನಿ ದೇವರ್ರಿ?’ ಎಂದು ಪತ್ತಾರ ಕೇಳಿದ. ‘ನಂದ,’ ಎಂದೆ.

ಐತವಾರ ಹೇಳಿದ ಮಾತಿನಂತೆ ಹೋದೆ, ಮಹಾ ಪ್ರಾಮಾಣಿಕ! ಅವಳು ಎರಡೂ ಕೈ ಒಡ್ಡಿ ತೆಗೆದುಕೊಂಡಳು. ಹೆಬ್ಬೆರಳು ತಾನಾಗಿ ಒಮ್ಮೆ ಮುಖದ ಮೇಲೆ ಆಡಿತು, ನಿಂತಿತು. ಅವಳು ನನ್ನನ್ನು ನೋಡಲಿಲ್ಲ. ತನ್ನ ಹೆಬ್ಬೆರಳನ್ನೇ ನೋಡಿಕೊಂಡಳು. ಬರಹ ಏನೆಂದು ಕೇಳುವುದನ್ನೂ ಮರೆತಳು. ನಾನೂ ನೆನಪು ಮಾಡಲಿಲ್ಲ.

ಮೂರನೆಯ ವಾರ ಚಾವಡಿಯಿಂದ ಕರೆ ಬಂತು. ಲಗಮವ್ವ ಆ ಬಿಲ್ಲೆಗೆ ಭಂಡಾರ ಹಚ್ಚಲು ಒಲ್ಲೆನೆಂದಿದ್ದಳು. ಅತ್ತೆ ಹಟ ಹಿಡಿದಾಗ ಎಲ್ಲವನ್ನೂ ಹೇಳಿಬಿಟ್ಟಿದ್ದಳು. ಮನೆದೇವರನ್ನು ಕದ್ದು ಹೊರಗೆ ಕೊಟ್ಟಳು, ಈಗ ಅದು ದೇವರೇ ಅಲ್ಲ ಅನ್ನುತ್ತಾಳೆ, ಇವಳನ್ನು ಹೇಗೆ ಇಟ್ಟುಕೊಳ್ಳುವುದು ಎಂದು ಅತ್ತೆ ಹಿರಿಯರ ಮುಂದೆ ಎದೆ ಬಡಿದುಕೊಳ್ಳುತ್ತಿದ್ದಳು. ಗೌಡರು ನನಗೆ ಬಾಜೂಕ್ಕೆ ಜಮಖಾನೆ ಹಾಸಿ ಕೂರಿಸಿದರು. ಕಟಕಟೆಯಲ್ಲಿ ನಿಲ್ಲಬೇಕಾದವನಿಗೆ ಜಮಖಾನೆ.

ಲಗಮವ್ವ ಕಂಬದ ಪಕ್ಕ ನಿಂತು ಹೇಳಿದಳು: “ಕಣ್ಣಿಗಿ ಹಂಗ ಕಾಣತೈತ್ರಿ, ಇಲ್ಲ ಅನ್ನಾಂಗಿಲ್ಲ. ಆದ್ರ ಬೆರಳಿಗಿ ಖರಖರ ಅಂತೈತಿ. ನಮ್ಮ ಮುತ್ತ್ಯಾ ನುಣ್ಣಗಿದ್ದ. ಈ ಮನಿಗಿ ಬಂದಾಗಿಂದ ದಿನಾ ಮೈ ತೊಳದೇನ್ರಿ ನಾ, ನನಗ ತಿಳಿಯಾಂಗಿಲ್ಲೇನು?”

ಖರಖರ. ಮರಳಚ್ಚಿನ ಎರಕ ಬೆಳ್ಳಿಯ ಮೇಲೆ ಬಿಡುವ ಸಣ್ಣ ಕಾಳು. ಪುಸ್ತಕದಲ್ಲಿ ಅದಕ್ಕೊಂದು ಪುಟವೇ ಇತ್ತು. ಓದು ಬಾರದ ಆ ಹೆಣ್ಣುಮಗಳು ಅದನ್ನು ಒಂದೇ ಸಲ ಸವರಿ ಹಿಡಿದಿದ್ದಳು. ಆ ಚಾವಡಿಯಲ್ಲಿ ಅವಳ ಮಾತು ನಿಜವೆಂದು ಬಲ್ಲವನು ನಾನೊಬ್ಬನೇ.

ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿ ನೋಡಿಕೊಂಡ ಅನ್ನುತ್ತಾರಲ್ಲ, ನನ್ನ ಕೈ ಒಳಜೇಬಿಗೆ ಹೋಯಿತು. ಅಸಲು ಅಲ್ಲೇ ಇತ್ತು, ಅರಳೆಯಲ್ಲಿ ಸುತ್ತಿ; ಅದನ್ನು ಬಿಟ್ಟಿರಲಾಗದೆ ಹೋದಲ್ಲೆಲ್ಲ ಒಯ್ಯುತ್ತಿದ್ದೆ. ತೆಗೆದು ಕೊಟ್ಟುಬಿಡಬಹುದಿತ್ತು. ಹಿರಿಯರು ಬಯ್ಯುತ್ತಿದ್ದರು, ನೌಕರಿಗೂ ಕುತ್ತು ಬರುತ್ತಿತ್ತೇನೋ. ಆದರೆ ನನಗೆ ಆಗ ಅದ್ಯಾವುದೂ ನೆನಪಿರಲಿಲ್ಲ — ಇದು ಕೈ ತಪ್ಪುತ್ತದೆ, ಅಷ್ಟೇ ನೆನಪಿತ್ತು. ಕೈಯನ್ನು ಹೊರಗೆ ತೆಗೆದೆ. ಕನ್ನಡಕಕ್ಕೇ ಜೇಬಿಗೆ ಕೈ ಹಾಕಿದ್ದವನಂತೆ ಅದನ್ನು ತೆಗೆದು ಹಾಕಿಕೊಂಡೆ.

ತಕ್ಕಡಿ ತರಿಸಿದೆ, ಗುಲಗಂಜಿ ತರಿಸಿದೆ. “ದೇವರನ್ನ ಮೊದಲ ಯಾರರ ತೂಗಿದ್ರೇನ್ರಿ?” ಎಂದು ಕೇಳಿದೆ. ಹಿಂದೆ ಊರ ಪತ್ತಾರ ತೂಗಿದ್ದ, ಇಪ್ಪತ್ತು ಎಂದು ಮುದುಕರು ನೆನಪು ಮಾಡಿದರು. ಎಲ್ಲರ ಕಣ್ಣ ಮುಂದೆ ಇಪ್ಪತ್ತೇ ತೂಗಿತು. ಆಮೇಲೆ ಖೊಟ್ಟಿ ನಾಣ್ಯ ಹೇಗಿರುತ್ತದೆ ಎಂದು ಭಾಷಣ ಮಾಡಿದೆ. ಜನ ಬಾಯಿ ತೆರೆದು ಕೇಳಿದರು. ಕೊನೆಗೆ ಬಿಲ್ಲೆಯನ್ನು ಎತ್ತಿ ಹಿಡಿದೆ.

“ಅದ ಐತಿ.”

ಲಗಮವ್ವ ಅಳಲಿಲ್ಲ. ತನ್ನ ಬಲಗೈಯನ್ನು ಎಡಗೈಯಲ್ಲಿ ಹಿಡಿದುಕೊಂಡು, ಅದು ಯಾರದೋ ಕೈ ಅನ್ನುವಂತೆ ನೋಡಿದಳು. “ನೀವು ಬಲ್ಲವ್ರು. ನೀವ ಅಂದಮ್ಯಾಲ ನನ್ನ ಕೈನ ಸುಳ್ಳರಿ,” ಎಂದಳು.

ಅವಳು ಅದನ್ನು ನಂಬಿಬಿಟ್ಟಳು. ಅತ್ತೆ ನಂಬಿದ್ದಕ್ಕೆ, ಊರು ನಂಬಿದ್ದಕ್ಕೆ ನನಗೆ ಅಷ್ಟು ಸಂಕಟವಿಲ್ಲ. ಅವಳು ನಂಬಿಬಿಟ್ಟಳಲ್ಲ — ಅಲ್ಲಿಂದ ಮುಂದೆ ಅವಳು ತನ್ನ ಕೈಯನ್ನು ನಂಬಲಿಲ್ಲ. ಮುಂದಿನ ಸರತಿ ಹೋದಾಗ ಓಣಿಯವರು ನಗುತ್ತ ಹೇಳಿದರು: ಉಪ್ಪು ಹಾಕುವಾಗ ‘ಇದು ಉಪ್ಪ ಹೌದಲ್ಲ?’ ಎಂದು ಕೇಳುತ್ತಾಳಂತೆ. ತನ್ನ ಕೊಡವನ್ನೇ ಬಾವಿಕಟ್ಟೆಯ ಮೇಲಿಟ್ಟು ‘ಇದು ನಂದ ಹೌದಲ್ಲ?’ ಎಂದು ಅವರಿವರನ್ನು ಕೇಳಿ ಎತ್ತುತ್ತಾಳಂತೆ. ನಾನೂ ನಕ್ಕೆ ಎಂದು ಕಾಣುತ್ತದೆ. ಆಮೇಲೆ ಒಂದು ದಿನ, ತೊಡೆಯ ಮೇಲೆ ಮಲಗಿದ್ದ ಕೆಂಚವ್ವನ ಕೆನ್ನೆ ಸವರುತ್ತ, ‘ಇದು ನನ್ನ ಕೂಸ ಹೌದಲ್ಲ?’ ಎಂದು ಅತ್ತೆಯನ್ನು ಕೇಳಿದಳಂತೆ.

ಆಗ ಯಾರೂ ನಗಲಿಲ್ಲ. ಕೂಸನ್ನು ಕಸಿದುಕೊಂಡು ಅವಳನ್ನು ಯಮಕನಮರಡಿಯ ತವರಿಗೆ ಬಿಟ್ಟು ಬಂದರು.

ಕೆಂಚವ್ವ ಅಜ್ಜಿಯ ಕೈಯಲ್ಲಿ ಬೆಳೆದಳು. ನಾನು ಸರತಿಗೆ ಹೋದಾಗೆಲ್ಲ ಅವಳು ಬಾಗಿಲಲ್ಲಿ ಆಡುತ್ತಿರುತ್ತಿದ್ದಳು, ತೋಳಿನ ಮೇಲೆ ನಾನು ಗೀರಿದ ಕಲೆ. ಒಮ್ಮೆ ಕೇಳಬಾರದಿತ್ತು, ಕೇಳಿದೆ — ಅವ್ವ ಎಲ್ಲಿ ಎಂದು. “ಹುಚ್ಚಿ ಆಗ್ಯಾಳರಿ,” ಎಂದಳು ಹುಡುಗಿ, ಅಂಗಡಿಗೆ ಹೋಗಿದ್ದಾಳೆ ಎಂದು ಹೇಳುವಷ್ಟೇ ಸಲೀಸಾಗಿ. ಆಮೇಲೆ ಆ ಓಣಿಗೆ ಹೋಗುವಾಗಲೆಲ್ಲ ಸೈಕಲ್ಲು ಇಳಿಯಲು ಕಾಲು ಬರುತ್ತಿರಲಿಲ್ಲ.

ನಾನು ಸುದ್ದಿ ತಿಳಿಸಿದ ಮೇಲೆ ಪುಣೆಯ ಗೆಳೆಯ ಎರಡು ಸಲ ಕಾಗದ ಬರೆದು ಕೇಳಿದ — ಈ ಮಿನಾಂಡರ ಸಿಕ್ಕಿದ್ದೆಲ್ಲಿ? ಘಟಪ್ರಭೆಯ ಸೀಮೆಯ ಹಳ್ಳದ ದಂಡೆಯಲ್ಲಿ ಗ್ರೀಕ ನಾಣ್ಯ ಸಿಕ್ಕಿದ್ದು ಖರೆಯಾದರೆ ದೊಡ್ಡ ಸಂಗತಿ ಎಂದು ನನಗೂ ಗೊತ್ತಿತ್ತು. ‘ಹಿಂಗಿನ ಪಠಾಣ ಕೊಟ್ಟ’ ಎಂದು ಬರೆದೆ. ಒಂದು ಸುಳ್ಳಿಗೆ ಇನ್ನೊಂದು ಕಾವಲು.

ನೀವು ಕೇಳಬಹುದು, ಆ ನಾಣ್ಯದಿಂದ ಸುಖವಾದರೂ ಸಿಕ್ಕಿತೇ ಎಂದು. ಇಲ್ಲ. ಡಬ್ಬಿ ತೆಗೆದರೆ ಉಳಿದ ಆರೂ ಸುಮ್ಮನೆ ಬೆಳ್ಳಿ. ಇದೊಂದು ಮಾತ್ರ ಅರಿಶಿನ ನಾರುತ್ತಿತ್ತು. ಅಕ್ಷರಗಳ ಸಂದಿಯಲ್ಲಿ ಹಳದಿ ಹಾಗೇ ಉಳಿದಿತ್ತು. ಅದನ್ನು ತೊಳೆಯಲು ಎಷ್ಟೋ ಸಲ ನೀರು ತೆಗೆದುಕೊಂಡು ಕೂತಿದ್ದೇನೆ. ಕೈ ಮುಂದೆ ಹೋಗಿಲ್ಲ. ಈ ಮುಖವನ್ನು ತೊಳೆಯುವವಳು ಬೇರೆ ಇದ್ದಳು.

ಈಗ ಹೆಂಡತಿ ಇಲ್ಲ, ನೌಕರಿ ಮುಗಿದಿದೆ, ಎರಡೂ ಕಣ್ಣಿಗೆ ಪೊರೆ ಬಂದಿದೆ. ಎದುರಿಗಿನ ಮನುಷ್ಯರು ಕಾಣುತ್ತಾರೆ, ನಾಣ್ಯಗಳನ್ನು ಮಾತ್ರ ಕಣ್ಣಿನಿಂದ ಗುರುತಿಸಲಾಗುವುದಿಲ್ಲ. ಈ ವರ್ಷ ಒಂದು ಮುಂಜಾನೆ ಡಬ್ಬಿಯೊಳಗೆ ಕೈ ಹಾಕಿ ಹೆಬ್ಬೆರಳಿನಿಂದ ಸವರುತ್ತ ಹೋದೆ. ಇದು ಅಂತಿಯೋಕ, ಇದು ಯೂಕ್ರತಿದ — ಮುಂದೆ ಅವನು ಸಿಕ್ಕ. ನುಣ್ಣಗಿದ್ದ. ಅವಳು ಹೇಳಿದಷ್ಟೇ ನುಣ್ಣಗೆ. ಎಷ್ಟು ಸೊಸೆಯಂದಿರು ಎಷ್ಟು ವರ್ಷ ಸವರಿದ ನುಣುಪು ಅದು! ನಾನು ಗಟ್ಟಿಯಾಗಿ ಅತ್ತೆ. ಮರುದಿನ ಮೋಟರು ಹಿಡಿದು ಯಮಕನಮರಡಿಗೆ ಹೋದೆ.

ಲಗಮವ್ವ ಅಣ್ಣನ ಮನೆಯ ಕಟ್ಟೆಯ ಮೇಲೆ ಕೂತು ಮೊರದಲ್ಲಿ ಜೋಳ ಹಸನು ಮಾಡುತ್ತಿದ್ದಳು. ತಲೆ ಪೂರ್ತಿ ಬೆಳ್ಳಗಾಗಿತ್ತು. ಪ್ರತಿ ಹರಳನ್ನೂ ಎತ್ತಿ ಪಕ್ಕದಲ್ಲಿ ಕೂತ ಅಣ್ಣನ ಸೊಸೆಗೆ ತೋರಿಸಿ, ಅವಳು ‘ಹರಳ ಐತಿ, ಒಗಿ’ ಎಂದ ಮೇಲೆಯೇ ಆಚೆ ಎಸೆಯುತ್ತಿದ್ದಳು. ನನ್ನ ಗುರುತು ಹಿಡಿದಳು. “ಬರ್ರಿ ಡಾಕ್ಟರ್ ಸಾಹೇಬ್ರ, ಕುಂಡ್ರಿ,” ಎಂದಳು. ಅಷ್ಟು ಮರ್ಯಾದೆ ಕೊಡಬಾರದಿತ್ತು.

ಎಲ್ಲವನ್ನೂ ಹೇಳಿದೆ. ಏನನ್ನೂ ಬಿಡಲಿಲ್ಲ. ನಾಣ್ಯವನ್ನು ಅವಳ ಅಂಗೈಯಲ್ಲಿ ಇಟ್ಟೆ. ಅವಳು ಅಂದು ಕೇಳಿದ್ದಕ್ಕೂ ಉತ್ತರ ಕೊಟ್ಟೆ: “ಸುತ್ತ ಬರದದ್ದು ಇಷ್ಟವ್ವಾ — ಅರಸ, ಕಾಯಾಂವ, ಮಿನಾಂಡರ.”

“ಕಾಯಾಂವ,” ಎಂದು ಮೆಲ್ಲಗೆ ಅಂದಳು. ಹೆಬ್ಬೆರಳು ಮುಖದ ಮೇಲೆ ಹೋಯಿತು, ರುಮಾಲಿನ ತುದಿಯವರೆಗೆ ಹೋಗಿ ತಿರುಗಿ ಬಂತು. ಕಣ್ಣು ತುಂಬಿದವು. ಗುರುತು ಸಿಕ್ಕಿತು ಎಂದುಕೊಂಡೆ. ಆದರೆ ಅವಳು ತಲೆ ಎತ್ತಿ ನನ್ನ ಮುಖ ನೋಡಿದಳು.

“ಇದು ಅದ ಹೌದಲ್ರಿ?”

“ಅದ ಐತಿ, ಲಗಮವ್ವಾ,” ಎಂದೆ.

ಅವಳ ಮುಖದಲ್ಲಿ ಸಿಟ್ಟಿರಲಿಲ್ಲ. “ಆವಾಗ್ಲೂ ಹಂಗ ಅಂದಿದ್ರಿ,” ಎಂದು ನಾಣ್ಯವನ್ನು ನನ್ನ ಕೈಯಲ್ಲಿ ತಿರುಗಿ ಇಟ್ಟು, ಮೊರವನ್ನು ಮುಂದಕ್ಕೆ ಎಳೆದುಕೊಂಡಳು.

ಬರುವ ಐತವಾರ ನಾಗನೂರಿಗೆ ಹೋಗುತ್ತೇನೆ. ಮೂಡಲಗಿಗೆ ಮದುವೆಯಾಗಿ ಹೋದ ಕೆಂಚವ್ವನಿಗೂ ಹೇಳಿ ಕಳಿಸಿದ್ದೇನೆ, ಬರಬೇಕೆಂದು. ಅಂದು ಕೂತ ಹಿರಿಯರಲ್ಲಿ ಮೂವರು ಉಳಿದಿದ್ದಾರಂತೆ. ಅವರ ಮುಂದೆ, ಜಮಖಾನೆಯ ಮೇಲೆ ಅಲ್ಲ, ಅವಳು ನಿಂತ ಕಂಬದ ಪಕ್ಕದಲ್ಲಿ ನಿಂತು ಇದನ್ನೆಲ್ಲ ಹೇಳುತ್ತೇನೆ. ಅವರ ಜಗಲಿಯ ಮೇಲಿನದನ್ನೂ ತರಿಸಿ, ಎರಡೂ ಬಿಲ್ಲೆಗಳನ್ನು ಮುಂದಿಡುತ್ತೇನೆ. ಯಾವುದು ಅಸಲು, ಯಾವುದು ಖೊಟ್ಟಿ ಎಂದು ಅವರು ಕೇಳಿಯೇ ಕೇಳುತ್ತಾರೆ. ನನ್ನ ಮಾತನ್ನು ಯಾಕೆ ನಂಬಬೇಕು ಅವರು? ಸಾಕ್ಷಿ ಹೇಳಬಲ್ಲ ಹೆಬ್ಬೆರಳು ಈ ಸೀಮೆಯಲ್ಲಿ ಒಂದೇ ಇತ್ತು, ಅದನ್ನು ನಾನೇ ಸುಳ್ಳು ಮಾಡಿದ್ದೇನೆ.