ಯೋಹಾನಪ್ಪನ ಓಟು, ನನ್ನ ಬಾಯಿ

1909ನೆಯ ಇಸವಿಯಲ್ಲಿ ನಾನು ಹುನಗುಂದ ಸೀಮೆಯ ಒಂದು ಸಣ್ಣ ಮುನ್ಸಿಪಾಲ್ಟಿಯಲ್ಲಿ ಎರಡನೆಯ ಕಾರಕೂನನಾಗಿದ್ದೆ. ಊರಿನ ಹೆಸರು ಬರೆಯುವುದಿಲ್ಲ. ಈ ಪ್ರಕರಣದಲ್ಲಿ ತಪ್ಪು ಮಾಡಿದವನು ನಾನು, ಊರಲ್ಲ. ಆಗ ನನಗೆ ಇಪ್ಪತ್ತೆರಡು ವರ್ಷ. ಎರಡನೆಯ ಕಾರಕೂನ ಎಂದರೆ ಹೆಡ್ ಕಾರಕೂನರು ಮಾಡದೆ ಬಿಟ್ಟ ಕೆಲಸ ಮಾಡುವವನು. ನಮ್ಮ ಹೆಡ್ ಕಾರಕೂನ ರಾಘಪ್ಪನವರು ತಾಂಬೂಲ ಹಾಕಿಕೊಳ್ಳುವುದೊಂದನ್ನು ಬಿಟ್ಟು ಬೇರಾವ ಕೆಲಸವನ್ನೂ ಮಾಡುತ್ತಿರಲಿಲ್ಲವಾದ್ದರಿಂದ ನನಗೆ ಕೈತುಂಬ ಕೆಲಸವಿತ್ತು.

ನನ್ನಲ್ಲಿದ್ದ ಒಂದೇ ವಿದ್ಯೆ ಅಣಕ. ಬಾಗಲಕೋಟೆಯಲ್ಲಿ ಓದುತ್ತಿದ್ದಾಗ ಮಾಸ್ತರರ ಹಾಗೆ ಕೆಮ್ಮಿ ಇಡೀ ತರಗತಿಯನ್ನು ಎದ್ದು ನಿಲ್ಲಿಸುತ್ತಿದ್ದೆ. ನೌಕರಿಗೆ ಬಂದ ಮೇಲೆ ರಾಘಪ್ಪನವರ ಹಾಗೆ ತಾಂಬೂಲ ತುಂಬಿದ ಬಾಯಲ್ಲಿ "ಸಿಪಾಯಿ!" ಎಂದು ಕರೆದರೆ ಸಿಪಾಯಿ ಓಡಿ ಬರುತ್ತಿದ್ದ. ನಾನೋ ಗಿಡ್ಡನೆಯ ಆಳು, ಮುಂದೆ ಬಂದ ಹಲ್ಲು, ಬಗಲಲ್ಲಿ ದಫ್ತರ. ನನ್ನನ್ನು ನೋಡಿಯೇ ಜನ ನಗುತ್ತಿದ್ದರು. ಅವರು ನಗುವ ಮೊದಲು ನಾನೇ ಇನ್ನೊಬ್ಬರ ಮೇಲೆ ನಗಿಸಿಬಿಟ್ಟರೆ ಕ್ಷೇಮ ಎಂದು ಚಿಕ್ಕಂದಿನಲ್ಲೇ ಕಲಿತಿದ್ದೆ.

ಆ ವರ್ಷ ಮುನ್ಸಿಪಾಲ್ಟಿಯ ಚುನಾವಣೆ ಬಂತು. ನಮ್ಮ ಊರಲ್ಲಿ ಆಗ ಓಟು ಹಾಕುವ ಕ್ರಮ ಹೀಗಿತ್ತು: ಓದು ಬಾರದ ಮತದಾರ ಒಬ್ಬೊಬ್ಬನಾಗಿ ಬಾಗಿಲು ಮುಚ್ಚಿದ ಕೋಣೆಗೆ ಬರಬೇಕು, ತಾಲೂಕಿನಿಂದ ಬಂದ ಅಧಿಕಾರಿಯ ಮುಂದೆ ತನಗೆ ಬೇಕಾದ ಉಮೇದುವಾರನ ಹೆಸರು ಹೇಳಬೇಕು. ಅಧಿಕಾರಿ ಅದನ್ನು ಬರೆದುಕೊಳ್ಳುತ್ತಾನೆ. ಪಟ್ಟಿ ಹಿಡಿದ ಕಾರಕೂನ, ಅಂದರೆ ನಾನು, ಪಕ್ಕದಲ್ಲಿ ಕೂತಿರುತ್ತೇನೆ. ಆ ಕೋಣೆಯಲ್ಲಿ ಕೇಳಿದ್ದನ್ನು ನಾವಿಬ್ಬರೂ ಹೊರಗೆ ಆಡಬಾರದು. ಈ ನಿಯಮವನ್ನು ನಾನೇ ದುಂಡಗೆ ನಕಲು ಮಾಡಿ ಗೋಡೆಗೆ ಹಚ್ಚಿದ್ದೆ.

ನಮ್ಮ ವಾರ್ಡಿಗೆ ಇಬ್ಬರು ಉಮೇದುವಾರರು. ಒಬ್ಬರು ನೂಲಿನ ವ್ಯಾಪಾರಿ ಮಲ್ಲಪ್ಪಶೆಟ್ಟರು. ಊರಿನ ಅರ್ಧ ಮಗ್ಗಗಳು ಅವರ ನೂಲಿನಿಂದ ನಡೆಯುತ್ತಿದ್ದವು. ನೇಕಾರರು ಅವರಿಂದ ನೂಲು ಒಯ್ದು ಸೀರೆ ನೇಯ್ದು ಕೊಟ್ಟು ಕೂಲಿ ಪಡೆಯುತ್ತಿದ್ದರು. ಇನ್ನೊಬ್ಬ ಬಣ್ಣಗಾರ ದಾವಲಸಾಬ. ಊರ ಹೊರಗಿನ ಕೇರಿಯ ಕುಸಿದ ಬಾವಿಯನ್ನು ಕಟ್ಟಿಸುತ್ತೇನೆಂದು ಹೇಳಿ, ಓಟಿಲ್ಲದ ಜನರ ಪರವಾಗಿ ಓಟು ಕೇಳುತ್ತಿದ್ದ ವಿಚಿತ್ರ ಮನುಷ್ಯ.

ಬಾಗಿಲು ಮುಚ್ಚಿದ ಕೋಣೆಯನ್ನು ನಂಬದ ಉಮೇದುವಾರರು ಮೊದಲೇ ಮನೆಮನೆಗೆ ಹೋಗಿ ಆಣೆ ಮಾಡಿಸಿಕೊಳ್ಳುತ್ತಿದ್ದರು. ಲಿಂಗವಂತರಾದರೆ ಕೈಯಲ್ಲಿ ಲಿಂಗ ಹಿಡಿದು, ಮುಸಲ್ಮಾನರಾದರೆ ಕುರಾನಿನ ಮೇಲೆ ಕೈಯಿಟ್ಟು "ನಿಮಗೇ ಹಾಕ್ತೇನಿ" ಎಂದರೆ ಮುಗಿಯಿತು. ಶೆಟ್ಟರ ಗುಮಾಸ್ತ ಶಿವಲಿಂಗಪ್ಪ ಹೀಗೆ ತಿರುಗುತ್ತ ನೇಕಾರರ ಓಣಿಯ ಯೋಹಾನಪ್ಪನ ಮನೆಗೆ ಹೋದ. ಮತದಾರರ ಪಟ್ಟಿಯಲ್ಲಿದ್ದ ಒಬ್ಬನೇ ಕ್ರಿಸ್ತೀಯ ಈ ಯೋಹಾನಪ್ಪ. ಅರವತ್ತು ದಾಟಿದವನು, ಎರಡೂ ಕಣ್ಣಿಗೆ ಪೊರೆ ಬಂದಿತ್ತು. ಮಗ ಸಮುವೇಲ ಶೆಟ್ಟರ ನೂಲಿನಿಂದ ನೇಯುತ್ತಿದ್ದ. ಮುದುಕ ಕೈಯಂದಾಜಿನಲ್ಲೇ ಲಾಳಿಗೆ ಹಾಕುವ ನೂಲಿನ ಕಂಡಿಕೆ ಸುತ್ತಿ ಕೊಡುತ್ತಿದ್ದ. ನಾನೂ ಮನೆಪಟ್ಟಿಯ ಕರದ ತಪಾಸಣೆಯ ನೆವದಲ್ಲಿ ತಮಾಷೆ ನೋಡಲು ಹೋಗಿದ್ದೆ.

"ನಿಮ್ಮ ಪುಸ್ತಕ ತಗೊಂಡು ಬಾ, ಯೋಹಾನಪ್ಪ. ಅದರ ಮ್ಯಾಲೆ ಕೈ ಇಡು," ಎಂದ ಗುಮಾಸ್ತ.

"ಆಣಿ ಮಾಡಂಗಿಲ್ರಿ. ಆ ಪುಸ್ತಕದಾಗನ ಆಣಿ ಮಾಡಬ್ಯಾಡ ಅಂತ ಬರದೈತಿ."

"ಹಂಗಾದ್ರ ಬರೇ ಬಾಯಿಂದ ಹೇಳು. ಯಾರಿಗೆ ಹಾಕ್ತಿ?"

"ಇನ್ನಾ ಪ್ರಾರ್ಥನಾ ಮಾಡಾಕತ್ತೇನ್ರಿ. ತಿಳಿದ ಮ್ಯಾಲೆ ಓಟು ಬರಕೊಳ್ಳೋ ಸಾಹೇಬರ ಮುಂದ ಹೇಳ್ತೇನಿ. ನಿಮ್ಮ ಮುಂದೂ ಹೇಳಂಗಿಲ್ಲ, ದಾವಲಸಾಬನ ಮುಂದೂ ಹೇಳಂಗಿಲ್ಲ."

ಇಂಥದ್ದು ಸಿಕ್ಕರೆ ನಾನು ಬಿಟ್ಟೇನೇ? ಕಚೇರಿಗೆ ಬಂದು ಕಣ್ಣು ಮುಚ್ಚಿ, ಕೈ ಜೋಡಿಸಿ, ಯೋಹಾನಪ್ಪನ ನಡುಗುವ ದನಿಯಲ್ಲಿ "ತಂದೀ, ಶೆಟ್ರೋ ಸಾಬರೋ, ಮ್ಯಾಲಿಂದ ಒಂದು ಚೀಟಿ ಒಗಿಯಪ್ಪಾ" ಎಂದೆ. ರಾಘಪ್ಪನವರಿಗೆ ನಗುವಿನಲ್ಲಿ ತಾಂಬೂಲ ಗಂಟಲಿಗೆ ಸಿಕ್ಕಿತು. ಸುಧಾರಿಸಿಕೊಂಡು ಅವರು ಹೇಳಿದರು: "ಅಣಕಾ ಸಾಕು ಬಿಡು, ಭೀಮ್ಯಾ. ಆ ಮುದಕನ ಬಾಯಿ ಬಿಡಿಸಿದ್ರ ನಿನ್ನ ವಿದ್ಯಾ ಖರೆ ಅಂತೀನಿ."

ಹೊಗಳಿಕೆಯ ಆಸೆ, ಅಷ್ಟೇ. ಶೆಟ್ಟರು ನನಗೆ ಏನೂ ಕೊಟ್ಟಿರಲಿಲ್ಲ. ಕೊಟ್ಟಿದ್ದರೆ ಲಂಚಕೋರನೆಂದಾದರೂ ನನ್ನನ್ನು ನಾನು ಬೈದುಕೊಳ್ಳಬಹುದಿತ್ತು.

ಯೋಹಾನಪ್ಪನ ಸಭೆಯ ಪಾದ್ರಿ ಒಬ್ಬ ಜರ್ಮನ್ ಸಾಹೇಬರು. ತಿಂಗಳಿಗೊಮ್ಮೆ ಟಾಂಗಾದಲ್ಲಿ ಬರುತ್ತಿದ್ದರು. ಅವರ ಕನ್ನಡ ಪುಸ್ತಕದಿಂದ ಕತ್ತರಿಸಿ ತೆಗೆದ ಹಾಗೆ. ಒಂದೊಂದು ಶಬ್ದವನ್ನೂ ಮೊಳೆ ಹೊಡೆದಂತೆ ಹೊಡೆಯುತ್ತಿದ್ದರು. ನನಗೆ ಅವರ ದನಿ ಯಾವಾಗಲೋ ಬಾಯಿಗೆ ಕೂತಿತ್ತು. ಮರುದಿನ ಮಧ್ಯಾಹ್ನ, ಸಮುವೇಲ ಸೀರೆ ಕೊಡಲು ಶೆಟ್ಟರ ಅಂಗಡಿಗೆ ಹೋದದ್ದನ್ನು ನೋಡಿಕೊಂಡು, ಬೂಟು ಎರವಲು ತಂದು ಹಾಕಿಕೊಂಡು ಅವರ ಮನೆಯ ಕಟ್ಟೆಯೇರಿದೆ. ಮುದುಕ ಒಬ್ಬನೇ ಕಂಡಿಕೆ ಸುತ್ತುತ್ತಿದ್ದ.

"ಯೋಹಾನನೇ, ಸಮಾಧಾನವು ನಿನಗಿರಲಿ," ಎಂದೆ.

ಅವನು ದಡಬಡಿಸಿ ಎದ್ದ. "ಅಯ್ಯನವರ! ಈ ಬಿಸಿಲಾಗ ಬಂದ್ರಿ? ಕುಂದರ್ರಿ, ನೀರು ತರ್ತೇನಿ."

"ನೀರು ಬೇಡ. ನೀನು ಯಾರಿಗೆ ಮತವನ್ನು ಕೊಡುವಿ? ನನಗೆ ಹೇಳು."

ಅವನು ಕೈಯಲ್ಲಿದ್ದ ಕಂಡಿಕೆಯನ್ನು ಕೆಳಗಿಟ್ಟ. ಆಮೇಲೆ ಯಾರಿಗೂ ಹೇಳದ್ದನ್ನು ಹೇಳಿದ.

"ದಾವಲಸಾಬಗ, ಅಯ್ಯನವರ. ಶೆಟ್ರು ಒಳ್ಳ್ಯಾವ್ರು. ಪ್ಲೇಗಿನಾಗ ಎಲ್ಲಾರು ನಮ್ಮನ್ನ ಬಿಟ್ಟಾಗ ಅವರು ನೂಲು ನಿಲ್ಲಸ್ಲಿಲ್ಲ. ಆದ್ರ ನನಗ ಉಪಕಾರ ಮಾಡ್ಯಾರಂತ ಅವರಿಗೆ ಹಾಕಿದ್ರ ಓಟು ಮಾರಿದಂಗ ಆಗೂದಿಲ್ಲೇನ್ರಿ? ನಮ್ಮ ಮನ್ಯಾಗ ಬಾವಿ ಐತಿ. ಆ ಕೇರಿ ಹೆಣ್ಮಕ್ಕಳು ಹಳ್ಳದ ರಾಡಿ ತುಂಬ್ಕೊಂಡು ಹೋಗೋ ಸಪ್ಪಳಾ ನನಗ ದಿನಾ ಕೇಳ್ತೈತಿ. ನೆರಿಯವನ ಪ್ರೀತಿ ಮಾಡು ಅಂತ ನೀವ ಹೇಳಿಕೊಟ್ರಿ. ಎಂಟು ದಿನಾ ಪ್ರಾರ್ಥನಾ ಮಾಡೇನಿ. ಬ್ಯಾರೆ ಉತ್ತರ ಬರವಲ್ದು." ಆಮೇಲೆ ದನಿ ತಗ್ಗಿಸಿದ. "ಸಮುವೇಲಗೂ ಹೇಳಿಲ್ರಿ. ಅವಗ ಅಂಜಿಕಿ ಆಗ್ತೈತಿ. ಇದು ನಿಮ್ಮಲ್ಲೇ ಇರ್ಲಿ."

ಅಲ್ಲೇ ನನ್ನ ಸ್ವಂತ ದನಿಯಲ್ಲಿ ಒಂದು ಮಾತಾಡಬಹುದಿತ್ತು. "ಇರಲಿ," ಎಂದೆ, ಪಾದ್ರಿಯ ದನಿಯಲ್ಲಿ. ಅವನು ತಲೆ ಬಾಗಿಸಿದ. ಆಶೀರ್ವಾದಕ್ಕಾಗಿ ಎಂದು ತಡವಾಗಿ ತಿಳಿದು ಅವನ ತಲೆಯ ಮೇಲೆ ಕೈಯಿಟ್ಟೆ. ಆ ಬೆಚ್ಚಗಿನ ಬೋಳುತಲೆ ಈಗಲೂ ನನ್ನ ಅಂಗೈಗೆ ತಿಳಿಯುತ್ತದೆ.

ಮನಸ್ಸು ಕಸಿವಿಸಿಗೊಂಡದ್ದು ನಿಜ. ಆದರೆ ಕಚೇರಿಯ ಹೊಸ್ತಿಲು ದಾಟುವಷ್ಟರಲ್ಲಿ ನಟನಿಗೆ ಪ್ರೇಕ್ಷಕರು ಕಂಡರು. ಮುದುಕನ ಭಾಗ, ಪಾದ್ರಿಯ ಭಾಗ, ಎರಡನ್ನೂ ಆಡಿ ತೋರಿಸಿದೆ. ಬಾವಿಯ ಮಾತು, ಎಂಟು ದಿನದ ಪ್ರಾರ್ಥನೆ, "ನಿಮ್ಮಲ್ಲೇ ಇರ್ಲಿ" ಎಂಬುದು ಕೂಡ. ರಾಘಪ್ಪನವರು ಬೆನ್ನು ತಟ್ಟಿದರು. ಮೂಲೆಯಲ್ಲಿ ಯಾವುದೋ ಅರ್ಜಿ ಹಿಡಿದು ಕೂತಿದ್ದ ಶಿವಲಿಂಗಪ್ಪ ಮಾತ್ರ ನಗಲಿಲ್ಲ. ಅರ್ಜಿ ಮಡಚಿಕೊಂಡು ಎದ್ದು ಹೋದ.

ಅಂದೇ ಸಂಜೆ ಗುಮಾಸ್ತ ಸಮುವೇಲನಿಗೆ ಹೇಳಿ ಕಳಿಸಿದ: ಅಪ್ಪ ದಾವಲಸಾಬನಿಗೆ ಹಾಕುವುದು ಗೊತ್ತಾಗಿದೆ, ಮನಸ್ಸು ತಿರುಗಿಸಿದರೆ ಸರಿ, ಇಲ್ಲದಿದ್ದರೆ ಮಗ್ಗದ ಮೇಲಿನ ಸೀರೆಯೇ ಕೊನೆಯದು. ಓಣಿಯಲ್ಲಿ ತಂದೆ ಮಗನ ಜಗಳ ಎಲ್ಲರಿಗೂ ಕೇಳಿತಂತೆ. ಮುದುಕನಿಗೆ ನೂಲಿಗಿಂತ ದೊಡ್ಡ ಪೆಟ್ಟು ಇನ್ನೊಂದಿತ್ತು. ತಾನು ಹೇಳಿದ್ದು ಪಾದ್ರಿಯವರೊಬ್ಬರಿಗೇ. ಅಂದಮೇಲೆ ಬಾಯಿಬಿಟ್ಟವರು ಅವರೇ.

ಮತದಾನದ ದಿನ ಅವನ ಸರದಿ ಬಂದಾಗ ನಾನು ಹೆಸರು ಕೂಗಬೇಕಾಗಿತ್ತು. ನನ್ನ ಗಂಟಲಿನಿಂದ ಯಾರ ದನಿಯೂ ಹೊರಡಲಿಲ್ಲ. ಅಧಿಕಾರಿಯೇ ಪಟ್ಟಿ ನೋಡಿ ಕರೆದರು. ಯೋಹಾನಪ್ಪ ಬಂದು ಮೇಜನ್ನು ಮುಟ್ಟಿ ನಿಂತ.

"ಯಾರಿಗೆ?" ಎಂದರು ಅಧಿಕಾರಿ.

"ದಾವಲಸಾಬಗ್ರಿ. ಮೆಲ್ಲಕ ಹೇಳೂ ಕಾರಣಾ ಇಲ್ರಿ, ಬಜಾರಕ್ಕೆಲ್ಲಾ ಗೊತ್ತೈತಿ."

ನಾನು ಅವನ ಹೆಸರಿನ ಮುಂದೆ ಗುರುತು ಹಾಕಿದೆ. ಶಾಯಿ ಹರಡಿತು.

ಶೆಟ್ಟರು ಹನ್ನೊಂದು ಓಟಿನಿಂದ ಗೆದ್ದರು. ಯೋಹಾನಪ್ಪನ ಒಂದು ಓಟು ಯಾರನ್ನೂ ಗೆಲ್ಲಿಸಲಿಲ್ಲ, ಸೋಲಿಸಲಿಲ್ಲ. ಆದರೂ ನೂಲು ನಿಂತಿತು. ಎರಡು ತಿಂಗಳಲ್ಲಿ ಮಗ್ಗ ಮಾರಿದರು, ನಾಲ್ಕನೆಯ ತಿಂಗಳಿಗೆ ಮನೆ. ಸಮುವೇಲ ಹೆಂಡತಿ ಮಕ್ಕಳೊಂದಿಗೆ ಇಳಕಲ್ಲಿಗೆ ಹೋಗಿ ಇನ್ನೊಬ್ಬರ ಮಗ್ಗದಲ್ಲಿ ಕೂಲಿಗೆ ಕೂತ. ಮುದುಕ ಮಾತ್ರ ಇಲ್ಲೇ ಪ್ರಾರ್ಥನಾ ಮಂದಿರದ ಹಿಂದಿನ ಕೋಣೆಯಲ್ಲಿ ಉಳಿದ.

ಇದೆಲ್ಲ ನನಗೆ ಬಿಡಿಬಿಡಿಯಾಗಿ ತಿಳಿಯುತ್ತಿತ್ತು, ನಾನು ಬಿಡಿಬಿಡಿಯಾಗಿಯೇ ಮರೆಯುತ್ತಿದ್ದೆ. ಐದನೆಯ ತಿಂಗಳು ಆ ಸಭೆಯ ಉಪದೇಶಿ ಕಚೇರಿಗೆ ಬಂದವರು ಮಾತಿಗೆ ಮಾತು ಬಂದು ಹೇಳಿದರು: "ಯೋಹಾನಪ್ಪ ಕರ್ತನ ಭೋಜನಕ್ಕ ಬರವಲ್ರಿ." ಅದು ಅವರಲ್ಲಿ ಎಲ್ಲಕ್ಕಿಂತ ಪವಿತ್ರವಾದ ಪಂಕ್ತಿ, ಒಂದು ತುಣುಕು ರೊಟ್ಟಿ, ಒಂದು ಗುಟುಕು ದ್ರಾಕ್ಷಾರಸ. ಯಾರ ಮೇಲಾದರೂ ಮನಸ್ಸಿನಲ್ಲಿ ಸಿಟ್ಟಿದ್ದರೆ ಅದನ್ನು ಮುಟ್ಟಬಾರದು. "ಯಾರ ಮ್ಯಾಲೆ ಸಿಟ್ಟು ಅಂದ್ರ ಹೇಳವಲ್ಲ. ಪಾದ್ರಿ ಸಾಹೇಬರು ಕೇಳಿದ್ರ ಮಾರಿ ಆ ಕಡೆ ತಿರುಗಸ್ತಾನ. ಸಭಾದ ಹಿರೇತನದಿಂದ ಅವನ್ನ ತಗೀಬೇಕು ಅನ್ನಾಕತ್ತಾರ."

ಆ ಸಂಜೆಯೇ ಯೋಹಾನಪ್ಪನ ಕೋಣೆಗೆ ಹೋದೆ. ಅಂದು ಪಾದ್ರಿಯಾಗಿ ಬಂದವನು ನಾನೇ ಎಂದು ಹೇಳಿದೆ. ಅವನು ನಂಬಲಿಲ್ಲ.

"ಯಾರರ ಕಳಿಸ್ಯಾರೇನು, ತಮ್ಮಾ? ಅಯ್ಯನವರ ದನಿ ನನಗ ಗೊತ್ತಿಲ್ಲೇನು?"

ಬೇರೆ ದಾರಿ ಇರಲಿಲ್ಲ. "ಯೋಹಾನನೇ, ಸಮಾಧಾನವು ನಿನಗಿರಲಿ," ಎಂದೆ. ಕೆಟ್ಟದಾಗಿ ಬರಲಿ ಎಂದು ಬಯಸಿದೆ. ಹಾಳಾದ್ದು, ಅಂದಿಗಿಂತ ಚೆನ್ನಾಗಿ ಬಂತು.

ಅವನು ಗೋಡೆ ಹಿಡಿದು ಕೂತ. ನನ್ನನ್ನು ಹೊಡೆಯುತ್ತಾನೆಂದುಕೊಂಡೆ, ಹೊಡೆದಿದ್ದರೆ ಹಗುರಾಗುತ್ತಿತ್ತು. "ಐದು ತಿಂಗಳು," ಎಂದ. "ಏನೂ ಮಾಡದ ಮನಶ್ಯಾನ ಮ್ಯಾಲೆ ಐದು ತಿಂಗಳು ಸಿಟ್ಟಿಟ್ಟೆ. ಅವರ ಸಲಾಂ ಸೈತ ತಗೊಳ್ಳಿಲ್ಲ." ನನ್ನ ಪಾಪ ಹೇಳಿಕೊಳ್ಳಲು ಹೋದರೆ ಅವನು ತನ್ನ ಪಾಪ ಎಣಿಸುತ್ತ ಕೂತಿದ್ದ. ಕೊನೆಗೆ ನನ್ನ ಕಡೆ ತಿರುಗಿದ. "ನಿನ್ನ ಮ್ಯಾಲೆ ಸಿಟ್ಟಿಡಂಗಿಲ್ಲ. ಇಟ್ಟು ಇಟ್ಟು ಸಾಕಾಗೇತಿ. ಆದ್ರ ಸಮುವೇಲಗೂ ಹೇಳು. ನಿನ್ನ ಸ್ವಂತ ದನೀಲೆ ಹೇಳು."

ಮೊದಲು ಶೆಟ್ಟರಲ್ಲಿಗೆ ಹೋದೆ. ಮೋಸದಿಂದ ತೆಗೆದ ಗುಟ್ಟು ಅದು, ನೂಲು ಮತ್ತೆ ಕೊಡಿರಿ ಎಂದು ಬೇಡಿದೆ. ಶೆಟ್ಟರು ಸಿಟ್ಟಾಗಲಿಲ್ಲ. "ನೀ ಹ್ಯಾಂಗ ತಿಳಕೊಂಡಿ ಅನ್ನೂದು ನಿನ್ನ ಪಾಪ. ಅವ ನನಗ ಹಾಕಲಿಲ್ಲ ಅನ್ನೂದು ಖರೆ ಹೌದಲ್ಲೊ?" ಎಂದು ಕೇಳಿ, ಬೇರೆ ಗಿರಾಕಿಯ ಕಡೆ ತಿರುಗಿದರು.

ಇಳಕಲ್ಲಿನಲ್ಲಿ ಸಮುವೇಲ ಮಗ್ಗದ ಗುಂಡಿಯಿಂದ ಏಳದೆ ನನ್ನ ಮಾತು ಪೂರ್ತಿ ಕೇಳಿದ. ಲಾಳಿ ಆಚೀಚೆ ಓಡುತ್ತಲೇ ಇತ್ತು.

"ಅಪ್ಪ ಏನಂದ?"

"ಸಿಟ್ಟಿಲ್ಲ ಅಂದ್ರು."

"ಅದು ಅವನ ಧರ್ಮ. ನನಗ ಇನ್ನಾ ಅಷ್ಟು ಬಂದಿಲ್ರಿ," ಎಂದ. ಮತ್ತೆ ಮಗ್ಗದ ಮೇಲೆ ಬಾಗಿದ. ನಿಂತಷ್ಟು ಹೊತ್ತು ನಿಂತು ಬಂದೆ.

ಯೋಹಾನಪ್ಪ ಪಾದ್ರಿಯವರ ಕ್ಷಮೆ ಕೇಳಿ ಮತ್ತೆ ಪಂಕ್ತಿಯಲ್ಲಿ ಕೂತನೆಂದು ತಿಳಿಯಿತು. ನಾನು ರಾಘಪ್ಪನವರಿಗೆ ಎಲ್ಲವನ್ನೂ ಬರೆದು ಕೊಟ್ಟೆ. ಅವರು ಅದನ್ನು ಮಡಚಿ ತಾಂಬೂಲದ ಡಬ್ಬಿಯ ಕೆಳಗಿಟ್ಟು "ಹುಚ್ಚಾ, ಕೆಲಸಾ ನೋಡು" ಎಂದರು. ಹಾಗಾಗಿ ನನಗೆ ಶಿಕ್ಷೆಯೂ ಆಗಲಿಲ್ಲ.

ಮೂರು ವರ್ಷದ ಮೇಲೆ ಮತ್ತೆ ಚುನಾವಣೆ ಬಂತು. ಪಟ್ಟಿ ತಿದ್ದುವ ಕೆಲಸ ನನ್ನದೇ. ಸ್ವಂತ ಮನೆಯಿದ್ದು ಮನೆಪಟ್ಟಿ ಕಟ್ಟುವವನಿಗಷ್ಟೇ ಓಟು. ಮನೆ ಹೋದವನ ಹೆಸರು ತೆಗೆಯಬೇಕು. ಕಾಯದೆ ಸ್ಪಷ್ಟವಾಗಿತ್ತು. ಕೆಂಪು ಶಾಯಿಯಲ್ಲಿ ಲೇಖಣಿ ಅದ್ದಿ ಯೋಹಾನಪ್ಪನ ಹೆಸರಿನ ಮೇಲೆ ನಾನೇ ಗೀಟು ಎಳೆದೆ. ಎಂಟು ದಿನ ದೇವರನ್ನು ಕೇಳಿ, ಮಗನ ಅನ್ನ ಹೋದೀತೆಂದೂ ಅಂಜದೆ ಓಟು ಹಾಕಿದ ಇನ್ನೊಬ್ಬನನ್ನು ನಾನು ಆ ಪಟ್ಟಿಯಲ್ಲಿ ಕಂಡಿಲ್ಲ. ಮತದಾರನ ಹೆಸರು ಕಾರಕೂನನ ಕೈಯಲ್ಲಿರುತ್ತದೆ, ಅವನ ಮನಸ್ಸು ಇರುವುದಿಲ್ಲ, ಇರಲೂಬಾರದು. ಈ ನೌಕರಿ ನನಗೆ ಕಲಿಸಿದ್ದು ಇಷ್ಟು. ಕಲಿಯಲು ಬೇಕಾದ ಖರ್ಚನ್ನು ಕೊಟ್ಟವರು ಬೇರೆಯವರು.