ಓಣಿಗೆ ಅಡ್ಡ ನೆಟ್ಟ ಬಾವುಟ

ತಮಿಳುನಾಡಿಗೆ ಸೇರಿದ ತಾಳವಾಡಿಯಿಂದ ಮೂರು ಮೈಲಿ ಆಚೆಯ ಒಂದು ಕನ್ನಡದ ಊರಿನ ಸರ್ಕಾರಿ ಶಾಲೆಯಲ್ಲಿ ಕುಳ್ಳಮ್ಮ ಇಪ್ಪತ್ತೆರಡು ವರ್ಷದಿಂದ ಸತ್ತುಣವು ಬೇಯಿಸುತ್ತಾಳೆ. ಮಕ್ಕಳ ಮಧ್ಯಾಹ್ನದ ಊಟಕ್ಕೆ ಅಲ್ಲಿ ಕನ್ನಡದವರೂ ಹೇಳುವ ಹೆಸರು ಅದೇ. ಅವಳು ಅಕ್ಕಿ ತೊಳೆಯುವ ಹೊತ್ತಿಗೆ ಸರಿಯಾಗಿ ಅಂಗಳದಲ್ಲಿ ಮಕ್ಕಳು ಬಾವುಟದ ಮುಂದೆ ಕೈ ಚಾಚಿ ತಮಿಳಿನಲ್ಲಿ ಪ್ರತಿಜ್ಞೆ ಹೇಳುತ್ತಿದ್ದವು. ಕೇಳಿ ಕೇಳಿ ಅವಳಿಗೂ ಬಾಯಿಗೆ ಬಂದುಬಿಟ್ಟಿತ್ತು. ಅರ್ಥದ ವಿಷಯದಲ್ಲಿ ಮಾತ್ರ ಬಹಳ ಕಾಲ ಅವಳದೇ ಒಂದು ಲೆಕ್ಕಾಚಾರ ಇತ್ತು. ತಮಿಳಿನಲ್ಲಿ ಬಾವುಟಕ್ಕೆ ‘ಕೊಡಿ’, ಗಣರಾಜ್ಯಕ್ಕೆ ‘ಕುಡಿಯರಸು’. ಅವಳಿಗೆ ಬರುತ್ತಿದ್ದದ್ದು ಸಂತೆಯ ತಮಿಳು, ಪುಸ್ತಕದ್ದಲ್ಲ. ಹಾಗಾಗಿ ಯಾವನೋ ಕುಡುಕ ಅರಸನಿಗೆ ಏನಾದರೂ ಕೊಡಿ ಅಂತ ಮಕ್ಕಳು ದಿನಾ ಬೇಡುತ್ತಿವೆ ಎಂದುಕೊಂಡಿದ್ದಳು. ಚುನಾವಣೆ ಹೊತ್ತಿಗೆ ಊರಿಗೆ ಬರುತ್ತಿದ್ದವರನ್ನು ನೋಡಿದಾಗ ಅದು ತಪ್ಪೆಂದೂ ಅನ್ನಿಸಿರಲಿಲ್ಲ.

ಹೀಗಿರುವಾಗ ಊರಿನ ಜಮೀನುದಾರ ಸಿದ್ದಮಲ್ಲಪ್ಪನವರಿಗೆ ಇದ್ದಕ್ಕಿದ್ದಂತೆ ದೇಶಭಕ್ತಿ ಬಂತು. ಎಲ್ಲಿ ಬಂತು ಎಂದರೆ, ಕುಳ್ಳಮ್ಮನ ಕೇರಿಗೆ ಹೋಗುವ ಓಣಿಯ ಬಾಯಲ್ಲಿ, ಅವರ ಅರಿಸಿನದ ಹೊಲಕ್ಕೆ ಅಂಟಿಕೊಂಡ ಹಾಗೆ. ಸಿಮೆಂಟಿನ ಕಟ್ಟೆ ಎದ್ದಿತು, ಕಂಬ ಎದ್ದಿತು, ದನ ತಾಗಬಾರದೆಂದು ಸುತ್ತ ತಂತಿ ಬೇಲಿ ಎದ್ದಿತು. ಆ ಬೇಲಿ ಮೆಲ್ಲಗೆ ಹೊಲದ ಬೇಲಿಗೇ ಸೇರಿಕೊಂಡಿತು. ಓಣಿಯಲ್ಲಿ ಮಿಕ್ಕಿದ್ದು ಚರಂಡಿ. ಕೇರಿಯ ನಲವತ್ತು ಮನೆಯವರು ಅದರ ಅಂಚು ಹಿಡಿದು ನಡೆಯಬೇಕಾಯಿತು. ಯಾರಾದರೂ ಬಾಯಿ ಬಿಟ್ಟರೆ ಸಿದ್ದಮಲ್ಲಪ್ಪನವರು ಕಂಬದ ಕಡೆ ಕೈ ತೋರಿಸುತ್ತಿದ್ದರು. “ನನ್ನ ಕೇಳ್ಬ್ಯಾಡಿ ಕಣ್ರಪ್ಪ. ಕೀಳ್ಬೇಕು ಅಂದ್ರೆ ದೇಶನ ಕೇಳಿ.”

ಒಂದು ಸಂಜೆ ಕುಳ್ಳಮ್ಮ ಹುಲ್ಲಿನ ಹೊರೆ ಸಮೇತ ಚರಂಡಿಗೆ ಜಾರಿ ಮೊಣಕಾಲು ತರಚಿಕೊಂಡಳು. ಮಾರನೆಯ ದಿನ ಪಾತ್ರೆ ತಿಕ್ಕುತ್ತಾ ಶಾಲೆಯ ಸುನೀತ ಟೀಚರನ್ನು ಕೇಳಿದಳು: “ಟೀಚರಮ್ಮ, ಆ ಬಾವುಟದ ಮಾತ್ಗೆ ನಿಜವಾಗ್ಲೂ ಏನರ್ಥ?”

“ಬಾವುಟಕ್ಕೂ, ಅದು ಯಾವುದರ ಗುರುತೋ ಆ ಗಣರಾಜ್ಯಕ್ಕೂ ನಿಷ್ಠೆಯಿಂದ ಇರ್ತೀನಿ ಅಂತ, ಕುಳ್ಳಮ್ಮ.”

“ಗಣರಾಜ್ಯ ಅಂದ್ರೆ ಯಾವ್ ರಾಜ?”

“ರಾಜನೇ ಇಲ್ಲ. ಪ್ರಜೆಗಳೇ ಎಲ್ಲಾ. ನೀವು, ನಾನು, ನಿಮ್ಮ ಕೇರಿಯವರು.”

ಕುಳ್ಳಮ್ಮ ತಿಕ್ಕುತ್ತಿದ್ದ ಸೌಟನ್ನು ಓಣಿಯ ಕಡೆ ಚಾಚಿದಳು. “ಅಂಗಾರೆ, ನಮ್ ಗುರ್ತು ತಕಂಬಂದು ನಮ್ ದಾರಿಗೇ ಅಡ್ಡ ನೆಟ್ಟವ್ರೆ ಅನ್ನಿ.”

ಆಗಸ್ಟ್ ಹದಿನೈದಕ್ಕೆ ಹೊಸ ಕಟ್ಟೆಯ ಮುಂದೆ ಶಾಲೆಯ ಮಕ್ಕಳನ್ನೂ, ಚರಂಡಿಯಂಚಿನಲ್ಲಿ ಕೇರಿಯವರನ್ನೂ ನಿಲ್ಲಿಸಿದರು. ಸಿದ್ದಮಲ್ಲಪ್ಪನವರು ಗರಿಗರಿ ಪಂಚೆಯಲ್ಲಿ ಬಂದು ಹಗ್ಗ ಎಳೆದರು, ಚೀಟಿ ನೋಡಿಕೊಂಡು ಪ್ರತಿಜ್ಞೆ ಓದಿದರು. ಕುಡಿಯರಸಿಗೆ ನಿಷ್ಠೆ ಎಂದು ಅವರು ಎದೆಯುಬ್ಬಿಸಿದಾಗ ಕುಳ್ಳಮ್ಮ ತಡೆಯಲಾರದೆ ಗೊಳ್ಳೆಂದು ನಕ್ಕುಬಿಟ್ಟಳು.

ಅದೇ ದಿನ ಗ್ರಾಮಸಭೆ. ಅಲ್ಲೂ ಎದ್ದು ನಿಂತಳು. “ಬುದ್ದಿ, ನಮ್ಗೆ ನಿಷ್ಠೆಯಾಗಿರ್ತೀನಿ ಅಂತ ಬೆಳಿಗ್ಗೆ ಆಣೆ ಮಾಡುದ್ರಲ್ಲ. ಓಣಿ ಬುಟ್ಟುಬುಡಿ.”

“ನಿಮ್ಗಾ? ನಾನು ಆಣೆ ಮಾಡಿದ್ದು ಬಾವುಟಕ್ಕೆ ಕಣಮ್ಮಿ!”

“ಅದು ನಮ್ ಗುರ್ತಂತೆ ಬುದ್ದಿ. ಟೀಚರಮ್ಮ ಯೋಳುದ್ರು.”

ಸಭೆ ನಕ್ಕಿತು. ವಾರದೊಳಗೆ ಮೇಲಕ್ಕೆ ಅರ್ಜಿ ಹೋಯಿತು. ಸತ್ತುಣವಿನ ಕುಳ್ಳಮ್ಮ ಪ್ರತಿಜ್ಞೆ ನಡೆಯುವಾಗ ನಕ್ಕು ದೇಶಕ್ಕೆ ಅವಮಾನ ಮಾಡಿದ್ದಾಳೆ, ಇಂಥವಳ ಕೈಯ ಅನ್ನ ಉಂಡ ಮಕ್ಕಳ ದೇಶಭಕ್ತಿ ಏನಾಗಬೇಕು? ಅರ್ಜಿ ಬರೆದುಕೊಟ್ಟವನು ಸಿದ್ದಮಲ್ಲಪ್ಪನವರ ಮಗ ಸೋಮಶೇಖರ್; ಐದು ವರ್ಷ ಅದೇ ಕೈಯ ಅನ್ನ ಉಂಡು ಅಕ್ಷರ ಕಲಿತವನು.

ವಿಚಾರಣೆಗೆ ಒಬ್ಬ ಅಧಿಕಾರಿಣಿ ದಿಂಬಂ ಘಾಟಿ ಹತ್ತಿ ಶಾಲೆಗೆ ಬಂದರು. ಕತ್ತಲಾಗುವ ಮುಂಚೆ ಅಷ್ಟೂ ತಿರುವು ಇಳಿಯಬೇಕಿತ್ತು, ಬೇಗ ಮುಗಿಸುವ ಆತುರ. “ಪ್ರತಿಜ್ಞೆ ಗೊತ್ತಾ? ಹೇಳಮ್ಮ,” ಎಂದರು.

ಕುಳ್ಳಮ್ಮನಿಗೆ ಕೆಲಸ ಹೋಗುವ ಭಯ. ಆದರೂ ಕಣ್ಣು ಮುಚ್ಚಿ, ಕೈ ಚಾಚಿ, ಮಕ್ಕಳ ರಾಗದಲ್ಲೇ ಕೊನೆತನಕ ಒಪ್ಪಿಸಿದಳು. ಒಂದಕ್ಷರ ತಪ್ಪಲಿಲ್ಲ. ಅಧಿಕಾರಿಣಿ ಅಲ್ಲೇ ಕೂತಿದ್ದ ಸಿದ್ದಮಲ್ಲಪ್ಪನವರ ಕಡೆ ತಿರುಗಿದರು. “ನೀವೂ ಒಂದು ಸಲ ಹೇಳಿ ಸಾರ್.”

ಸಿದ್ದಮಲ್ಲಪ್ಪನವರು ಜೇಬು ತಡಕಿದರು. ಚೀಟಿ ಬೇರೆ ಅಂಗಿಯಲ್ಲಿತ್ತು. “ಕೊಡಿ...” ಎಂದರು. ಬೆವರೊರೆಸಿಕೊಂಡು ಮತ್ತೆ “ಕೊಡಿ...” ಎಂದರು.

“ಏನ್ ಕೊಡ್ಬೇಕು ಬುದ್ದಿ?” ಕಿಟಕಿಯಾಚೆ ಕೇರಿಯ ಹೆಂಗಸೊಬ್ಬಳು ಕೇಳಿದಳು.

ಅಧಿಕಾರಿಣಿ ನಗು ನುಂಗಿಕೊಂಡು ಓಣಿ ನೋಡಬೇಕೆಂದರು. ಹೋಗುವಾಗ ಅವರ ಚಪ್ಪಲಿಯೂ ಚರಂಡಿಗಿಳಿಯಿತು. ಅಲ್ಲಿಂದ ಕೆಲಸ ಚುರುಕಾಯಿತು. ಹದಿನೈದೇ ದಿನದಲ್ಲಿ ಸರ್ವೇಯರ್ ಬಂದು ಅಳೆದು, ಕಟ್ಟೆ ಪೂರ್ತಿ ಊರೊಟ್ಟಿನ ಜಾಗದಲ್ಲಿದೆ ಎಂದು ಬರೆದ. ಚರಂಡಿ ಪಕ್ಕದಲ್ಲಿ ಬಾವುಟಕ್ಕೆ ಮರ್ಯಾದೆ ಸಾಲದು ಎಂದು ಸಿದ್ದಮಲ್ಲಪ್ಪನವರು ಊರಿಗೆಲ್ಲ ಸಾರಿ, ಬೇಲಿ, ಕಟ್ಟೆ ತೆಗೆಸಿ, ಕಂಬ ಕೀಳಿಸಿ ತಮ್ಮ ಮನೆಯ ಮುಂದೆ ನೆಡಿಸಿದರು; ಓಣಿ ತೆರವಾಯಿತು. ಕುಳ್ಳಮ್ಮನಿಗೂ ನಕ್ಕಿದ್ದಕ್ಕೆ ಒಂದು ಎಚ್ಚರಿಕೆ ಪತ್ರ ಬಂತು. ಟೀಚರ್ ಓದಿ ಹೇಳಿದರು, ಅವಳು ಸಹಿ ಹಾಕಿದಳು.

ಜನವರಿ ಇಪ್ಪತ್ತಾರು ಹತ್ತಿರವಾದಾಗ ಸಿದ್ದಮಲ್ಲಪ್ಪನವರ ಹೆಂಡತಿ ಪುಟ್ಟಬಸಮ್ಮ ಶಾಲೆಯ ಅಡುಗೆಮನೆ ಬಾಗಿಲಿಗೆ ಬಂದರು. “ಕುಳ್ಳಮ್ಮ, ನಮ್ಮನೆಯವ್ರಿಗೆ ಆ ಮಾತ ಬಾಯಿಪಾಠ ಮಾಡಿಸ್ಬೇಕಂತೆ ಕಣಮ್ಮಿ. ಈ ಸಲ ಚೀಟಿ ಬ್ಯಾಡ್ವಂತೆ.”

ಕುಳ್ಳಮ್ಮ ಹೋದಳು. ಆ ಮನೆಯ ಜಗಲಿಯ ಮೇಲೆ ಅವಳನ್ನು ಕೂರಿಸಿದ್ದು ಅದೇ ಮೊದಲು. ಪ್ರತಿಜ್ಞೆ ಇರುವುದು ಎರಡು ಸಾಲು, ಮೂರು ಸಂಜೆ ಹಿಡಿಯಿತು. ಕಡೆಯ ದಿನ ಅವಳು, “ಅರ್ಥಾನೂ ಯೋಳ್ಕೊಡ್ಲಾ ಬುದ್ದಿ?” ಎಂದಳು.

“ಬ್ಯಾಡ ಬ್ಯಾಡ, ಮಾತ್ ಸಾಕು,” ಎಂದು ಸಿದ್ದಮಲ್ಲಪ್ಪನವರು ಎದ್ದು ಒಳಗೆ ಹೋದರು.